ಎರಡು ಕುಂಡಗಳ ನಡುವಿನ ಜಾಗ

ಇಂಥ ಕತೆಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಗ್ರಹಣದ ದಿನ ಬೇಕೆಂದೇ ಕ್ಲಾಸಿಗೆ ಕಡ್ಲೆಪುರಿ ತಂದು ಮಕ್ಕಳಿಗೆ ಹಂಚಿ, ಅವರ ತಾಯಂದಿರಿಂದ ಬೈಸಿಕೊಂಡವನು. ಯಾರಾದರೂ 'ನಮ್ಮತ್ತೆ ಸತ್ತ ದಿನ ಗಡಿಯಾರ ನಿಂತುಹೋಯ್ತು' ಅಂದರೆ, 'ಸೆಲ್ ಹಾಕಿ ಎಷ್ಟು ದಿನ ಆಗಿತ್ತು?' ಎಂದು ಕೇಳುತ್ತಿದ್ದೆ. ಮದುವೆ ಮನೆಗಳಲ್ಲಿ ನನ್ನ ಪಕ್ಕ ಕೂರಲು ಹೆಂಡತಿ ಶಾರದೆ ಹೆದರುತ್ತಿದ್ದಳು, ಈ ಮನುಷ್ಯ ಯಾರ ಹತ್ತಿರ ಏನು ಕೇಳಿಬಿಡುತ್ತಾನೋ ಅಂತ. ಆದ್ದರಿಂದ ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಿಮಗಿಂತ ಜೋರಾಗಿ ನಗುತ್ತಿದ್ದೆ.

ನಾವಿರುವುದು ಜೆ.ಪಿ. ನಗರದಲ್ಲಿ, ಸಾರಕ್ಕಿ ಸಿಗ್ನಲ್ಲಿಗೆ ನಡೆದು ಹೋಗುವಷ್ಟು ಹತ್ತಿರ. ನಮ್ಮ ಬೀದಿ ತಿರುಗಿದರೆ ಒಂದು ಪಾರ್ಕು, ಪಾರ್ಕಿಗೆ ಉದ್ದನೆಯ ಕಾಂಪೌಂಡ್ ಗೋಡೆ. ಗೇಟಿನ ಪಕ್ಕ ಆ ಗೋಡೆಗೆ ಬೆನ್ನು ಕೊಟ್ಟು ನಂಜಮ್ಮ ಹೂ ಮಾರುತ್ತಿದ್ದಳು. ನಾವು ಈ ಮನೆಗೆ ಬಂದಾಗಲೇ ಅವಳು ಅಲ್ಲಿದ್ದಳು. ಗೋಣಿಚೀಲ ಹಾಸಿ, ಹೂವಿನ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಕಾಲ್ಬೆರಳಿಗೆ ಬಾಳೆನಾರು ಸಿಕ್ಕಿಸಿಕೊಂಡು ಕಟ್ಟುತ್ತಾ ಕೂತಿರುತ್ತಿದ್ದಳು. ಎಡಚಿ ಅವಳು. ಹಾಗಾಗಿ ಅವಳು ಹಾಕುವ ಗಂಟು ಬೇರೆಯವರ ಗಂಟಿಗಿಂತ ಉಲ್ಟಾ ತಿರುಗಿರುತ್ತಿತ್ತು. ಕನಕಾಂಬರಕ್ಕೆ ಎರಡು ಹೂವಿಗೊಂದರಂತೆ ಮರುಗದ ಎಸಳು ಸೇರಿಸಿ ಕಟ್ಟುತ್ತಿದ್ದಳು. ಆಗಾಗ ಚೊಂಬಿಗೆ ಬೆರಳದ್ದಿ ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಅದರ ನಾಲ್ಕು ಹನಿ ಹೋಗಿಬರುವವರ ಕಾಲಿನ ಮೇಲೂ ಬೀಳುತ್ತಿತ್ತು, ನಾನು ದಿನಾ ರೇಗುತ್ತಿದ್ದೆ.

ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೋದಾಗ ಬೋಣಿ ನನ್ನದೇ ಆಗಬೇಕು ಅವಳಿಗೆ. ನನ್ನ ಕೈಗುಣ ಒಳ್ಳೆಯದಂತೆ. 'ಕೈಗುಣ ಗಿಯ್ಗುಣ ಎಲ್ಲ ಸುಳ್ಳು ಕಣೆ ನಂಜಮ್ಮ' ಎಂದು ನಾನು, 'ನಿಮಗೇನ್ ಗೊತ್ತು ಸುಮ್ನಿರಿ ಮೇಷ್ಟ್ರೇ' ಎಂದು ಅವಳು. ಹೀಗೇ ಇಪ್ಪತ್ತೆರಡು ವರ್ಷ ನಡೆದಿತ್ತು.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಸಂಘದವರಿಗೆ ಪಾರ್ಕಿನ ಗೋಡೆಯ ಮೇಲೆ ಚಿತ್ರ ಬರೆಸುವ ಉಮೇದು ಬಂತು. ಸುಮ್ಮನೆ ಚಿತ್ರವಲ್ಲ, ಈ ಜಾಗದ ಚರಿತ್ರೆ. ಬಡಾವಣೆ ಏಳುವ ಮೊದಲು ಇಲ್ಲಿದ್ದ ಕೆರೆ ಏರಿ, ರಾಗಿ ಹೊಲ, ಎತ್ತಿನ ಗಾಡಿ, ಸಾರಕ್ಕಿಯ ಹೂವಿನ ತೋಟಗಳು, ಆ ತೋಟದ ಹೆಂಗಸರು. ಸುತ್ತ ಅಂಚಿಗೆಲ್ಲ ನಮ್ಮ ನೆಲದ ಹೂವುಗಳು. ಕಲಾಶಾಲೆಯಲ್ಲಿ ಓದಿದ ಒಬ್ಬ ಹುಡುಗಿ ರೇಖೆ ಹಾಕಿಕೊಡುವುದು, ಬೀದಿಯವರೆಲ್ಲ ಸೇರಿ ಬಣ್ಣ ತುಂಬುವುದು ಎಂದು ತೀರ್ಮಾನವಾಯಿತು. ಹೂವುಗಳ ಪಟ್ಟಿ ಮಾಡುವ ಕೆಲಸ ವಿಜ್ಞಾನದ ಮೇಷ್ಟ್ರಾದ ನನಗೆ ಬಿತ್ತು, ನಾನೂ ಹಿಗ್ಗಿ ಹೀರೇಕಾಯಿಯಾದೆ.

ತುಂಬೆ, ಎಕ್ಕ, ಕಕ್ಕೆ, ಮುತ್ತುಗ, ಹೊಂಗೆ, ಸುರಗಿ ಎಂದು ಪಟ್ಟಿ ಬರೆದುಕೊಂಡು ಹೋದರೆ, ಅಧ್ಯಕ್ಷರಿಗೆ ಗುಲ್‌ಮೊಹರ್ ಬೇಕಂತೆ. ಬೆಂಗಳೂರು ಅಂದರೆ ಗುಲ್‌ಮೊಹರ್ ಅಲ್ಲವೇ ಸಾರ್ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಅದು ಮಡಗಾಸ್ಕರಿನದು, ಹಡಗು ಹತ್ತಿ ಬಂದದ್ದು, ನಮ್ಮ ನೆಲದ ಹೂವಿನ ಪಕ್ಕ ಅದಕ್ಕೇನು ಕೆಲಸ ಎಂದು ಎರಡು ಮೀಟಿಂಗ್ ಪೂರ್ತಿ ಕಿರುಚಾಡಿದೆ. ಮೂರನೇ ಮೀಟಿಂಗಿಗೆ ಪುಸ್ತಕ ಹೊತ್ತುಕೊಂಡು ಹೋದೆ. ಕೊನೆಗೆ ಗೆದ್ದೆ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೆ ಬಾಯಿ ಇರಲಿಲ್ಲ ಅಂತ ನೀವು ಅಂದುಕೊಳ್ಳಬಾರದು. ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಗೋಡೆಗೆ ಸುಣ್ಣ ಹೊಡೆಯುವ ಮುಂಚೆ ನಂಜಮ್ಮನನ್ನು ಎಬ್ಬಿಸಬೇಕಿತ್ತು. 'ನಿಮ್ಮ ಮಾತು ಕೇಳ್ತಾಳೆ ಸಾರ್, ನೀವೇ ಹೇಳಿ' ಎಂದು ಅಧ್ಯಕ್ಷರು ನನ್ನ ಹೆಗಲಿಗೆ ಹಾಕಿದರು. ನಾನು ಹೋಗಿ ಹೇಳಿದೆ. ಹದಿನೈದೇ ದಿನ, ಸಿಗ್ನಲ್ ಹತ್ತಿರ ಕೂತ್ಕೋ, ಚಿತ್ರ ಮುಗಿದ ಮೇಲೆ ನಿನ್ನ ಜಾಗ ನಿನಗೆ, ಅದು ನನ್ನ ಜವಾಬ್ದಾರಿ ಅಂದೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. 'ನೀವ್ ಹೇಳಿದ ಮೇಲೆ ಆಯ್ತು ಬಿಡಿ ಮೇಷ್ಟ್ರೇ. ಆದ್ರೆ ಇಲ್ಲಿ ಬಿಟ್ರೆ ನನ್ನ ಯಾರು ಕೇಳ್ತಾರೆ? ನನ್ ಗಿರಾಕಿಗಳೆಲ್ಲ ಇಲ್ಲೇ ಅವ್ರೆ' ಅಂದಳು. ಇಟ್ಟಮಡುವಿನ ಒಂದು ಕೋಣೆಯಲ್ಲಿ ಒಬ್ಬಳೇ ಇರುವ ಹೆಂಗಸು, ಅವಳಿಗೆ ಇದ್ದದ್ದು ಅಂದರೆ ಅದೊಂದು ಮೂರಡಿ ಜಾಗ.

ಅವಳಿಗೆ ಸಂತೋಷದ ವಿಷಯವೂ ಒಂದಿತ್ತು. ಚಿತ್ರದ ಹುಡುಗಿ ಅವಳ ಫೋಟೋ ತೆಗೆದುಕೊಂಡಿದ್ದಳು. ಹೂವಿನ ತೋಟದ ಮುಂದೆ ಹೂ ಕಟ್ಟುವ ಹೆಂಗಸಾಗಿ ಅವಳನ್ನೇ ಬರೆಯುವುದು ಅಂತ. 'ಸೀರೆ ಹಸಿರು ಹಾಕಮ್ಮ, ಹಸಿರು ನಂಗೆ ಒಪ್ಪುತ್ತೆ' ಎಂದು ನಾಚಿಕೊಂಡಿದ್ದಳು. ಹುಡುಗಿ ಪಾಪ ಇದ್ದ ಹಾಗೇ ಬರೆದಳು. ಅಧ್ಯಕ್ಷರು ಬಂದು ನೋಡಿ ಸ್ವಲ್ಪ ಲಕ್ಷಣವಾಗಿ ಬರೀಬಹುದಿತ್ತು ಅಂದರು. ಮೈಬಣ್ಣ ಎರಡು ಪಟ್ಟು ತಿಳಿಯಾಯಿತು, ಹಲ್ಲು ಸರಿಯಾಯಿತು, ಇಪ್ಪತ್ತು ವರ್ಷ ಇಳಿಯಿತು. ನಾನು ಆಗ ಪಕ್ಕದಲ್ಲೇ ನಿಂತು ಮುತ್ತುಗದ ಎಲೆ ಮೂರಿರಬೇಕು, ನಾಲ್ಕಲ್ಲ ಎಂದು ಇನ್ನೊಬ್ಬರಿಗೆ ಪಾಠ ಹೇಳುತ್ತಿದ್ದೆ.

ಹದಿನೈದು ದಿನ ಅಂದದ್ದು ಎರಡು ತಿಂಗಳಾಯಿತು. ಮುಗಿದಾಗ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಸಂಜೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವು. ಮುಂದಿನ ಮೀಟಿಂಗಿನಲ್ಲಿ, ಗೋಡೆಗೆ ಯಾರೂ ಒರಗಿ ಬಣ್ಣ ಹಾಳು ಮಾಡದ ಹಾಗೆ ಉದ್ದಕ್ಕೂ ಸಿಮೆಂಟ್ ಕುಂಡ ಇಟ್ಟುಬಿಡೋಣ ಅಂದರು. ಕುಂಡದಲ್ಲಿ ಕಾಗದದ ಹೂವಿನ ಗಿಡ. ನಾನು ಎದ್ದು ನಿಂತೆ. ಶಾರದೆಯೂ ಆ ದಿನ ಬಂದಿದ್ದಳು, ನಂಜಮ್ಮನ ವಿಷಯ ಹೇಳುತ್ತೀನಿ ಅಂತ ಅವಳು ಅಂದುಕೊಂಡಳಂತೆ. ನಾನು ಹೇಳಿದ್ದೇನು ಗೊತ್ತೇ? ಕಾಗದದ ಹೂವು ಬ್ರೆಜಿಲ್ ದೇಶದ್ದು, ಅದು ಬೇಡ, ಕನಕಾಂಬರ ನೆಡೋಣ ಅಂದೆ. ಎಲ್ಲರೂ ಒಪ್ಪಿ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಶಾರದೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು.

ನಂಜಮ್ಮನಿಗೆ ಕೊಟ್ಟ ಮಾತು ನನಗೆ ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮುಂದಿನ ಸಲ ಹೇಳೋಣ, ಒಬ್ಬೊಬ್ಬರಿಗೇ ಹೇಳೋಣ, ಈಗಷ್ಟೇ ಚಪ್ಪಾಳೆ ತಟ್ಟಿದ್ದಾರೆ ಈಗಲೇ ಯಾಕೆ ಕಲಹ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳಿಗೆ ಮುಖ ತೋರಿಸಲು ಸಂಕೋಚವಾಗಿ ಸಿಗ್ನಲ್ ಕಡೆ ಹೋಗುವುದನ್ನೇ ಬಿಟ್ಟೆ. ತರಕಾರಿಗೆ ಕೂಡ ಜಯನಗರಕ್ಕೆ ಬಸ್ಸು ಹತ್ತುತ್ತಿದ್ದೆ. ಅಲ್ಲೇ ಒಳ್ಳೆಯ ವ್ಯಾಪಾರ ಹಿಡಿದಿರಬೇಕು ಅವಳಿಗೆ, ಇಲ್ಲದಿದ್ದರೆ ಬಂದು ಕೇಳುತ್ತಿರಲಿಲ್ಲವೇ ಎಂದು ಶಾರದೆಗೆ ಹೇಳಿದ್ದೆ.

ಈಗ ಆ ಬೆಳಿಗ್ಗೆಯ ವಿಷಯ. ಕುಂಡ ಇಟ್ಟು ಹತ್ತು ಹನ್ನೆರಡು ದಿನವಾಗಿತ್ತು. ಚಳಿಗಾಲ, ಆದರೂ ಚೆನ್ನಾಗಿ ಬೆಳಕು ಬಿಟ್ಟಿತ್ತು. ಮಂಪರು, ಮಬ್ಬು, ಕತ್ತಲೆ ಯಾವುದೂ ಇರಲಿಲ್ಲ, ದಯವಿಟ್ಟು ಇದನ್ನು ಗಮನಿಸಿ. ನಾನು ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡು ಬಟ್ಟೆಚೀಲಕ್ಕೆ ಹಾಕಿಕೊಂಡು ಪಾರ್ಕಿನ ಗೋಡೆಯ ಪಕ್ಕ ಬರುತ್ತಿದ್ದೆ. ಕುಂಡಗಳ ನಡುವೆ ಯಾರೋ ಕೂತ ಹಾಗೆ ಕಣ್ಣಂಚಿಗೆ ಬಿತ್ತು. ಅದರ ಹಿಂದೆಯೇ ಗೋಡೆಯ ಮೇಲೆ ಹಸಿರು ಸೀರೆಯ ನಂಜಮ್ಮ ಇದ್ದಾಳಲ್ಲ, ಚಿತ್ರವೇ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಆ ಚಿತ್ರದ ಮುಂದೆ ಬಂದಾಗೆಲ್ಲ ನಾನು ತಲೆ ತಗ್ಗಿಸಿಕೊಂಡೇ ದಾಟುತ್ತಿದ್ದೆ. ಆವತ್ತೂ ಹಾಗೇ ದಾಟಿದೆ.

ಎರಡು ಹೆಜ್ಜೆ ಇಟ್ಟಿರಬೇಕು, ಬಲಗಾಲಿನ ಮೇಲೆ ತಣ್ಣಗೆ ನಾಲ್ಕು ಹನಿ ನೀರು ಬಿತ್ತು. 'ಥೂ' ಅಂತ ಅಭ್ಯಾಸಬಲದಿಂದ ಬಾಯಿಗೆ ಬಂತು. ಆಮೇಲೆ ಜ್ಞಾಪಕ ಬಂದು ನಿಂತುಬಿಟ್ಟೆ. ತಿರುಗಿ ನೋಡಿದರೆ ಯಾರೂ ಇಲ್ಲ. ಮೂರನೇ ಕುಂಡಕ್ಕೂ ನಾಲ್ಕನೇ ಕುಂಡಕ್ಕೂ ನಡುವೆ ಫುಟ್‌ಪಾತಿನ ಕಲ್ಲು ಒಂದು ಬುಟ್ಟಿಯಷ್ಟು ಅಗಲಕ್ಕೆ ಒದ್ದೆಯಾಗಿತ್ತು. ಉಳಿದದ್ದೆಲ್ಲ ಒಣಗಿತ್ತು. ನಾನು ವಿಜ್ಞಾನದವನಲ್ಲವೇ, ಪರೀಕ್ಷೆ ಮಾಡಿದೆ. ಮಳೆಯಿಲ್ಲ. ಪಾರ್ಕಿನ ಮಾಲಿ ಬರುವುದು ಹತ್ತು ಗಂಟೆಗೆ. ಪೈಪಿಲ್ಲ. ಕುಂಡದ ಮಣ್ಣು ಮುಟ್ಟಿ ನೋಡಿದೆ, ಒಣಗಿ ಬಿರುಕು ಬಿಟ್ಟಿತ್ತು. ಮರುಗದ ವಾಸನೆ ಬರುತ್ತಿತ್ತು. ಯಾರದೋ ಮನೆಯ ಕುಂಡದಲ್ಲಿ ಬೆಳೆದಿರಬಹುದು ಅಂದುಕೊಂಡು ಬೇಗ ಬೇಗ ಮನೆಗೆ ಬಂದೆ.

ಬಾಗಿಲು ತೆಗೆದ ಶಾರದೆ ನಕ್ಕಳು. 'ಏನ್ರೀ ಇದು, ಸ್ವೆಟರ್ ಒಳಗಡೆದು ಹೊರಗೆ ಹಾಕ್ಕೊಂಡು ಊರೆಲ್ಲ ಸುತ್ತಿ ಬಂದ್ರಾ?' ಅಂದಳು. ಚೀಲ ತೆಗೆದುಕೊಂಡು ಒಳಗೆ ಹೋದವಳು ಎರಡೇ ನಿಮಿಷಕ್ಕೆ ಹೊರಗೆ ಬಂದಳು. ಅವಳ ಕೈಯಲ್ಲಿ ಒಂದು ಮೊಳ ಕನಕಾಂಬರ. ಹಾಲಿನ ಪ್ಯಾಕೆಟ್ಟಿನ ಮೇಲೆ ಇತ್ತಂತೆ. ಬಾಳೆನಾರು ಇನ್ನೂ ಒದ್ದೆ. ಅವಳು ಗಂಟು ತಿರುಗಿಸಿ ನೋಡಿ, 'ಅಯ್ಯೋ, ಇದು ನಂಜಮ್ಮನ ಕಟ್ಟು! ಎಲ್ಲಿ ಸಿಕ್ಕಿದ್ಲು? ಹೇಗಿದಾಳೆ? ನಾನು ಕೇಳ್ದೆ ಅಂದ್ರಾ?' ಎಂದು ಒಂದೇ ಉಸಿರಿಗೆ ಕೇಳಿದಳು. ಎಷ್ಟು ದಿನದ ಮೇಲೋ ಆ ಮುಖದಲ್ಲಿ ನನ್ನ ಬಗ್ಗೆ ಒಳ್ಳೆಯ ಭಾವ ಕಂಡಿತು. ಸಿಗ್ನಲ್ ಹತ್ತಿರ ಸಿಕ್ಕಳು, ಚೆನ್ನಾಗಿದಾಳೆ ಎಂದು ನಾನು ಸುಳ್ಳು ಹೇಳಿಬಿಟ್ಟೆ.

ಆದರೆ ಕಾಫಿಯನ್ನು ಹಾಗೇ ಬಿಟ್ಟೆ. ತಿಂಡಿಯನ್ನೂ ತಿನ್ನದೆ, ಶಾರದೆ ಸ್ನಾನಕ್ಕೆ ಹೋದಾಗ ಅರ್ಧ ಹೂವು ಕತ್ತರಿಸಿಕೊಂಡು ಕಾಗದದಲ್ಲಿ ಸುತ್ತಿಕೊಂಡು ಸಿಗ್ನಲ್ಲಿಗೆ ಹೋದೆ. ಅಲ್ಲಿ ನಂಜಮ್ಮ ಇರಲಿಲ್ಲ. ಪಕ್ಕದ ಟೀ ಅಂಗಡಿಯವನನ್ನು ಕೇಳಿದೆ. 'ಹೂವಿನ ಅಜ್ಜಿನಾ ಸಾರ್? ಅವ್ರು ಬಿದ್ದು ಒಂದೂವರೆ ತಿಂಗಳಾಯ್ತಲ್ಲ. ನೆರಳಿಲ್ಲ ಏನಿಲ್ಲ, ಬಿಸಿಲಲ್ಲೇ ಕೂರೋರು. ಒಂದಿನ ಹಾಗೇ ಪಕ್ಕಕ್ಕೆ ವಾಲ್ಕೊಂಡ್ರು. ಲಕ್ವ. ಮಗಳು ಬೊಮ್ಮನಹಳ್ಳಿಗೆ ಕರ್ಕೊಂಡು ಹೋದ್ಲು' ಅಂದ. ಮಗಳ ನಂಬರು ಅವನ ಹತ್ತಿರ ಇತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವಳು ಬಿದ್ದಾಗ ನಾವಿನ್ನೂ ಮುತ್ತುಗದ ಎಲೆಗೆ ಬಣ್ಣ ತುಂಬುತ್ತಿದ್ದೆವು. ಕುಂಡದ ಮಾತೇ ಆಗ ಹುಟ್ಟಿರಲಿಲ್ಲ.

ಫೋನ್ ಮಾಡಿ ಅಲ್ಲಿಂದಲೇ ಬೊಮ್ಮನಹಳ್ಳಿಗೆ ಹೋದೆ. ಮಗಳು ಮಂಜುಳ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದಳು. ಮೂರನೇ ಮಹಡಿಯ ಮೇಲೆ ಶೀಟಿನ ಕೋಣೆ. ನಂಜಮ್ಮ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಡಭಾಗ ಪೂರ್ತಿ ಹೋಗಿತ್ತು. ಕೈಬೆರಳು ಒಳಕ್ಕೆ ಮಡಚಿಕೊಂಡಿದ್ದವು, ಮಗಳು ಅದರೊಳಗೆ ಬಟ್ಟೆ ಸುತ್ತಿ ಇಟ್ಟಿದ್ದಳು. ನಾನು ಚಾಪೆಯ ಪಕ್ಕ ಕೂತೆ. ಕಾಗದ ಬಿಚ್ಚಿ ಹೂವನ್ನು ಅವಳ ಬಲಗೈಯಲ್ಲಿಟ್ಟೆ. ಅವಳು ನನ್ನ ಕಡೆ ಮುಖ ತಿರುಗಿಸಿ ಅದನ್ನು ಬೆರಳಲ್ಲಿ ಸವರಿದಳು.

'ಶಾರದಮ್ಮ ಮುಡ್ಕೊಂಡ್ರಾ?' ಅಂದಳು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗದೇ ಇರುವಷ್ಟಲ್ಲ.

ಇದನ್ನು ಯಾರು ಕಟ್ಟಿದ್ದು ನಂಜಮ್ಮ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. 'ನಾನೇ ಕಟ್ಟಿದ್ದು. ಇನ್ಯಾರು ಕಟ್ತಾರೆ?' ಅಂದಳು. ಮಂಜುಳ ಗಾಬರಿಯಾದಳು. 'ಹಂಗೇ ಏನೇನೋ ಅಂತಾಳೆ ಸಾರ್, ಮನಸ್ಸಿಗೆ ಹಾಕ್ಕೋಬೇಡಿ. ಆ ಕೈ ಆಡ್ಸಕ್ಕೇ ಆಗಲ್ಲ. ಎದ್ದು ಕೂರ್ಸಿದ್ರೂ ವಾಲ್ತಾಳೆ' ಅಂದಳು.

ನಂಜಮ್ಮ ಮಗಳ ಮಾತು ಕೇಳಿಸಿಕೊಳ್ಳಲೇ ಇಲ್ಲ. ನನ್ನನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು. 'ದಿನಾ ಬರ್ತಿದ್ದೆ ಮೇಷ್ಟ್ರೇ. ಕುಂಡ ಮಡಗಿಬಿಟ್ಟವ್ರೆ ಸಾಲಾಗಿ. ಮೂರನೇದಕ್ಕೂ ನಾಲ್ಕನೇದಕ್ಕೂ ಮಧ್ಯ ಗೇಣು ಜಾಗ. ಅದ್ರಲ್ಲೇ ಮಂಡಿ ಮಡಚ್ಕೊಂಡು ಕೂರ್ತಿದ್ದೆ. ಮಂಡಿ ಏನ್ ನೋವು ಅಂತೀರಾ. ಶಾರದಮ್ಮನಿಗೆ ಅಂತ ಹೂ ಎತ್ತಿ ಮಡಗ್ತಿದ್ದೆ. ನೀವು ತಲೆ ಬಗ್ಗಿಸ್ಕೊಂಡು ಹೋಗಿಬಿಡೋರು. ಇವತ್ತೂ ಹೋದ್ರಿ, ಸ್ವೆಟರ್ ತಿರುವಿ ಹಾಕ್ಕೊಂಡು. ಅದಕ್ಕೇ ನೀರು ಚಿಮುಕ್ಸಿದ್ದು.'

ನಾನು ನನ್ನ ಮೈಮೇಲೆ ನೋಡಿಕೊಂಡೆ. ಸ್ವೆಟರನ್ನು ಮನೆಯಲ್ಲೇ ಬಿಚ್ಚಿಟ್ಟು ಅಂಗಿಯಲ್ಲಿ ಬಂದಿದ್ದೆ. ಕುಂಡದ ವಿಷಯ ನಿಮಗೆ ಯಾರಾದರೂ ಹೇಳಿದರಾ ಎಂದು ಮಂಜುಳಳನ್ನು ಕೇಳಿದೆ. 'ಯಾವ ಕುಂಡ ಸಾರ್?' ಅಂದಳು. ಅಮ್ಮ ಬಿದ್ದ ಮೇಲೆ ಅವಳು ಆ ಕಡೆಗೆ ಕಾಲಿಟ್ಟಿರಲಿಲ್ಲ, ನಮ್ಮ ಕಡೆಯವರು ಯಾರೂ ಇವರನ್ನು ನೋಡಲು ಬಂದಿರಲಿಲ್ಲ. ಬರಲು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ನಾನು ಅಳುತ್ತಿದ್ದೆ. ವಯಸ್ಸಾದ ಗಂಡಸು, ಪರಸ್ಥಳದಲ್ಲಿ, ಯಾರದೋ ಮನೆಯಲ್ಲಿ ಹಾಗೆ ಅಳಬಾರದು, ಆದರೆ ಅತ್ತೆ. ತಪ್ಪಾಯ್ತು ನಂಜಮ್ಮ, ಇವತ್ತೇ ಆ ಕುಂಡ ತೆಗೆಸ್ತೀನಿ, ಆ ಜಾಗದಲ್ಲಿ ಬೇರೆ ಯಾರನ್ನೂ ಕೂರಲು ಬಿಡಲ್ಲ ಅಂದೆ. ಅವಳಿಗೆ ಕೋಪ ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದಳು. 'ಬೇಡ ಬಿಡಿ. ಗಿಡಗಳು ಏನ್ ಮಾಡಿದ್ವು ಪಾಪ. ನಾಳೆಯಿಂದ ನಾನ್ ಬರಲ್ಲ. ಗೋಡೆ ಮೇಲೆ ಇದೀನಲ್ಲ, ನಿಮ್ಗೆಲ್ಲ ಅದೇ ಸಾಕು.'

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು.

ಆ ಸಂಜೆ ನಾನೇ ಹೋಗಿ ಮೂರನೇ ಕುಂಡವನ್ನೂ ನಾಲ್ಕನೇ ಕುಂಡವನ್ನೂ ಎಳೆದು ಪಾರ್ಕಿನ ಒಳಗೆ ಹಾಕಿದೆ. ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿದೆ. ಜಗಳಕ್ಕೆ ಬರುತ್ತಾರೆ, ಬರಲಿ, ಈ ಸಲ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಅಧ್ಯಕ್ಷರು ಹಣ್ಣು ತೆಗೆದುಕೊಂಡು ನನ್ನನ್ನು ನೋಡಲು ಬಂದರು. ನಾನು ನಂಜಮ್ಮನಿಗೆ ಮಾತು ಕೊಟ್ಟಿದ್ದನ್ನು ಹೇಳಿದೆ. 'ಅಯ್ಯೋ ಸಾರ್, ಅಷ್ಟೇನಾ? ಆವತ್ತೇ ಒಂದು ಮಾತು ಹೇಳಿದ್ರೆ ಅಲ್ಲಿ ಕುಂಡ ಇಡ್ತಾನೇ ಇರ್ಲಿಲ್ಲ. ಹೂವಿನಮ್ಮ ಕೂತ್ರೆ ನಮಗೇನ್ ಕಷ್ಟ?' ಅಂದರು. ಅವರು ಬೂಟಾಟಿಕೆಗೆ ಹೇಳಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು ಹೇಳಿದರು. ಅವರು ಎದ್ದು ಹೋದ ಮೇಲೆ ನಾನು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡೆ. ಒಂದು ಮಾತು. ಗುಲ್‌ಮೊಹರಿಗೆ ಮೂರು ಮೀಟಿಂಗ್ ಕೂಗಾಡಿದವನಿಗೆ ಆ ಒಂದು ಮಾತು ಬಾಯಿಂದ ಬರಲಿಲ್ಲ.

ನಂಜಮ್ಮ ಆ ವರ್ಷ ಬೇಸಿಗೆ ಕಾಣಲಿಲ್ಲ. ಸುದ್ದಿ ತಿಳಿದು ಶಾರದೆಯೂ ನಾನೂ ಬೊಮ್ಮನಹಳ್ಳಿಗೆ ಹೋಗಿ ಬಂದೆವು. ಶಾರದೆಗೆ ಎಲ್ಲವನ್ನೂ ಹೇಳಿದ್ದೇನೆ. ಅವಳು ನಂಬಿದಳು, ನಂಬಿದ್ದರಿಂದ ನನ್ನನ್ನು ಕ್ಷಮಿಸುವುದು ಅವಳಿಗೆ ಇನ್ನೂ ಕಷ್ಟವಾಗಿದೆ ಎಂದು ನನಗೆ ಗೊತ್ತು.

ಗೆಳೆಯರೊಬ್ಬರು, ಅವರೂ ಮೇಷ್ಟ್ರೇ, ಎಲ್ಲವನ್ನೂ ಬಿಡಿಸಿ ಹೇಳಿದರು. ಹೂವನ್ನು ನೀವೇ ಎಲ್ಲೋ ಕೊಂಡು ಮರೆತಿರಬೇಕು, ಕುಂಡದ ವಿಷಯ ಯಾರೋ ಅವಳ ಕಿವಿಗೆ ಹಾಕಿರಬೇಕು, ಸ್ವೆಟರ್ ಮಾತು ಕಾಕತಾಳೀಯ, ತಪ್ಪು ಮಾಡಿದವನ ಮನಸ್ಸು ಏನನ್ನು ಬೇಕಾದರೂ ಹೊಲಿಯುತ್ತದೆ ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಒಂದಕ್ಷರ ಬದಲಿಸದೆ. ತಲೆಯಾಡಿಸಿ ಬಂದೆ.

ಆದರೆ ಅವರಿಗೆ ಹೇಳದೇ ಉಳಿಸಿಕೊಂಡದ್ದು ಒಂದಿದೆ. ಸೊಂಟ ಸರಿಯಾದ ದಿನದಿಂದ, ಮೂರು ವರ್ಷವಾಯಿತು, ದಿನಾ ಬೆಳಿಗ್ಗೆ ಆರೂವರೆಗೆ ನಾನು ಆ ಜಾಗದ ಮುಂದೆ ನಿಲ್ಲುತ್ತೇನೆ. ತಲೆ ಎತ್ತಿಕೊಂಡೇ ನಿಲ್ಲುತ್ತೇನೆ. ಕುಂಡವಿಲ್ಲ, ಬೇಕಾದಷ್ಟು ಜಾಗವಿದೆ, ಕಾಲು ಚಾಚಿಕೊಂಡು ಕೂರಬಹುದು. ಕಲ್ಲು ಒಂದು ದಿನವೂ ಒದ್ದೆಯಾಗಿಲ್ಲ. ಬರಲ್ಲ ಅಂದಿದ್ದಳು, ಬರಲಿಲ್ಲ. ನಾನು ಏನನ್ನೂ ನಂಬದವನು. ಆದರೂ ಹಾಲಿನ ಚೀಲ ಹಿಡಿದುಕೊಂಡು ನಿಂತಾಗ ನನ್ನ ಬಾಯಿಂದ ಹೊರಡುವುದು ಒಂದೇ ಮಾತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಾ ನಂಜಮ್ಮ, ಕೂತ್ಕೋ ಎನ್ನುತ್ತೇನೆ.